ವಾಚಾತಿಯವರು ಬಂದೂಕು ಹಿಡಿಯಲಿಲ್ಲ

ಬಡತನವೇ ಭಯೋತ್ಪಾದಕರನ್ನು ಹುಟ್ಟಿಸುತ್ತದೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಬಡವರ ಪರವಾಗಿ ಸಿಟ್ಟು ಬರುತ್ತದೆ. ಹೊಸೂರು ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಲ ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೋದವರಿಗೆ ಲೆಕ್ಕವಿಲ್ಲ. ಅವರು ಯಾರ ಮೇಲೂ ಬಾಂಬು ಎಸೆಯಲಿಲ್ಲ. 2007ರಲ್ಲಿ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ಇಬ್ಬರಲ್ಲಿ ಒಬ್ಬ ಬೆಂಗಳೂರಿನ ಎಂಜಿನಿಯರ್, ವೈದ್ಯ ದಂಪತಿಯ ಮಗ.

ಬಡತನಕ್ಕಿಂತ ಮೊದಲು ನೋಡಬೇಕಾದದ್ದು ಕೇಳುವವರಿಲ್ಲದ ಅಧಿಕಾರವನ್ನು. ಹೊಸೂರು ಬಳಿಯ ತೊರಪಲ್ಲಿ ಅಗ್ರಹಾರದಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರನ್ನು ಇಲ್ಲಿ ನೆನೆಯಬೇಕು. ವಿಚಾರಣೆಯಿಲ್ಲದೆ ಜನರನ್ನು ಒಳಗಿಡುವ ಮುನ್ನೆಚ್ಚರಿಕೆ ಬಂಧನ ಕಾಯಿದೆಯನ್ನು 1951ರಲ್ಲಿ ಗೃಹಮಂತ್ರಿಯಾಗಿ ಮುಂದುವರಿಸಿದವರು ಅವರು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸು-ಪರ್ಮಿಟ್ಟುಗಳ ರಾಜ್ಯಭಾರವನ್ನು ಖಂಡಿಸಿದವರೂ ಅವರೇ. ಎರಡನೆಯದರಲ್ಲಿ ಅವರು ಸರಿ, ಮೊದಲನೆಯದರಲ್ಲಿ ತಪ್ಪಿದರು ಎಂಬುದು ನನ್ನ ಎಣಿಕೆ. ಅಂಥ ಅಧಿಕಾರ ಪರ್ಮಿಟ್ಟು ಬರೆಯುವ ಕೈಯನ್ನು ಕೆಡಿಸುವಂತೆಯೇ ಬೇಡಿ ಹಾಕುವ ಕೈಯನ್ನೂ ಕೆಡಿಸುತ್ತದೆ.

ಅದನ್ನು ನಮ್ಮ ಜಿಲ್ಲೆಯೇ ಕಂಡಿತು. ಆಗ ಹೊಸೂರೂ ಹರೂರೂ ಒಂದೇ ಧರ್ಮಪುರಿ ಜಿಲ್ಲೆಯಲ್ಲಿದ್ದವು. 1992ರ ಜೂನ್ 20ರಂದು ಗಂಧದ ಮರ ಹುಡುಕುತ್ತೇವೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಹರೂರು ಬಳಿಯ ವಾಚಾತಿ ಎಂಬ ಬುಡಕಟ್ಟು ಹಳ್ಳಿಗೆ ನುಗ್ಗಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಮನೆಗಳನ್ನು ಕೆಡವಿ, ಮಕ್ಕಳನ್ನೂ ಬಿಡದೆ ನೂರಕ್ಕೂ ಹೆಚ್ಚು ಜನರನ್ನು ಜೈಲಿಗೆ ತಳ್ಳಿದರು. ನಿಜವಾದ ಕಳ್ಳಸಾಗಣೆಯವರನ್ನೂ ಅವರ ಹಿಂದಿದ್ದ ದೊಡ್ಡವರನ್ನೂ ಕಾಪಾಡಲು ನಡೆದ ಕೃತ್ಯವಿದು ಎಂದು ಮುಂದೆ ಮದ್ರಾಸ್ ಹೈಕೋರ್ಟ್ ಕಂಡುಕೊಂಡಿತು. ಲಂಚ ಮತ್ತು ದಬ್ಬಾಳಿಕೆಯನ್ನು ಬೇರೆ ಬೇರೆ ರೋಗಗಳೆಂದು ಎಣಿಸುವವರು ಆ ತೀರ್ಪನ್ನು ಓದಬೇಕು.

ಇದೇ ಗಂಧದ ದಂಧೆಯಲ್ಲಿ ಬೆಳೆದವನು ಗೋಪಿನಾಥಂನ ವೀರಪ್ಪನ್. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಅವನು ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಯಾವ ಅನ್ಯಾಯದ ಹೆಸರಿನಲ್ಲೂ ಆ ಕೊಲೆಗಳಿಗೆ ಕ್ಷಮೆಯಿಲ್ಲ. ಆದರೆ ಅವನ ಬೇಟೆಗೆಂದು ಹೊರಟ ಕಾರ್ಯಪಡೆಗಳು ಮಾದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರನ್ನು ಹಿಂಸಿಸಿದವು, ಭಯೋತ್ಪಾದನೆ ತಡೆಯ ಟಾಡಾ ಕಾಯಿದೆ ಹಾಕಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಹಾಕಿದವು. ನ್ಯಾಯಮೂರ್ತಿ ಸದಾಶಿವ ಸಮಿತಿಯ ವಿಚಾರಣೆಯ ನಂತರ 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳಿತು. ಪೊಲೀಸರ ಪೆಟ್ಟು ತಿಂದ ಊರು ಪೊಲೀಸರಿಗೇ ಸುಳಿವು ಕೊಡುತ್ತದೆಯೇ? 2000ದಲ್ಲಿ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ನಿರಪರಾಧಿಗಳ ಕಣ್ಣೀರನ್ನು ಕೊಲೆಗಾರನೊಬ್ಬ ತನ್ನ ಬಂಡವಾಳ ಮಾಡಿಕೊಂಡ. ಅದನ್ನು ಅವನ ಕೈಗಿತ್ತದ್ದು ಸರ್ಕಾರ.

ವಾಚಾತಿಯವರಿಗಿಂತ ಬಡವರು, ಅವರಿಗಿಂತ ನೊಂದವರು ಯಾರಿದ್ದರು? ಅವರು ಕಾಡು ಸೇರಲಿಲ್ಲ. ಬುಡಕಟ್ಟು ಜನರ ಸಂಘ ಮತ್ತು ಎಡಪಕ್ಷದವರು ಜೊತೆಗೆ ನಿಂತಿದ್ದರಿಂದ ಕೋರ್ಟಿನ ಬಾಗಿಲು ತಟ್ಟಲು ಅವರಿಗೆ ದಾರಿಯಾಯಿತು. ಬಡತನ ಮತ್ತು ಬಂದೂಕಿನ ನಡುವೆ ಇರುವುದು ಆ ಬಾಗಿಲು. 2011ರ ಸೆಪ್ಟೆಂಬರ್ 29ರಂದು, 269 ಆರೋಪಿಗಳಲ್ಲಿ ಬದುಕಿದ್ದ 215 ಮಂದಿಯೂ ಅಪರಾಧಿಗಳೆಂದು ತೀರ್ಪಾಯಿತು. ಆ ಹೊತ್ತಿಗೆ 54 ಮಂದಿ ತೀರಿಕೊಂಡಿದ್ದರು. ಹತ್ತೊಂಬತ್ತು ವರ್ಷ ಹಿಡಿದದ್ದಕ್ಕೆ ನಾಚಬೇಕಾದವರು ನಾವು. ಮೇಲ್ಮನವಿಗಳನ್ನು ವಜಾ ಮಾಡಿ, ಆ 18 ಹೆಂಗಸರಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಹೈಕೋರ್ಟ್ ಆದೇಶಿಸುವ ಹೊತ್ತಿಗೆ 2023 ಬಂದಿತ್ತು. ತೀರ್ಪು ಬರೆಯುವ ಮುಂಚೆ ನ್ಯಾಯಮೂರ್ತಿಗಳು ವಾಚಾತಿಗೇ ಹೋಗಿ, ಆ ಊರನ್ನು ಕಣ್ಣಾರೆ ನೋಡಿ ಬಂದಿದ್ದರು.