ನೀರು ಹಾಕದೆ ನಿಂತವರನ್ನು ಬೈಯಬೇಡಿ

ಮೊನ್ನೆ ನಮ್ಮ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಬಂದ ಗಿರಾಕಿಯೊಬ್ಬರು ಕೆಂಡಾಮಂಡಲವಾಗಿದ್ದರು. ಅವರು ಬಂದ ವಿಮಾನ ಇಳಿಯುತ್ತಲೇ ಚಕ್ರದ ಹತ್ತಿರ ಹೊಗೆ ಎದ್ದಿತಂತೆ. ಅಗ್ನಿಶಾಮಕ ಗಾಡಿಗಳು ಓಡಿ ಬಂದವಂತೆ. ಬಂದವರು ಒಂದು ಹನಿ ನೀರು ಹೊಡೆಯದೆ ದೂರದಲ್ಲಿ ನಿಂತು ನೋಡುತ್ತಾ ಕಾಲ ಕಳೆದರಂತೆ. "ಇಂಥವರಿಗೆ ಸಂಬಳ ಯಾಕ್ರೀ ಕೊಡಬೇಕು?" ಎಂದು ನನ್ನನ್ನೇ ಕೇಳಿದರು.

ನಾನೂ ತಲೆಯಾಡಿಸಿದೆ. ನೌಕರಿಯಲ್ಲಿರುವವರನ್ನು ಬೈಯುವುದರಲ್ಲಿ ನಾವು ಯಾರಿಗೇನು ಕಡಿಮೆ? ಆದರೆ ವಾಯುಪಡೆಯಲ್ಲಿ ನೆಲದ ಕೆಲಸ ಮಾಡಿ ನಿವೃತ್ತರಾದ ನಮ್ಮ ಭಾವನವರು ಅಲ್ಲೇ ಪ್ರೂಫ್ ನೋಡುತ್ತಾ ಕೂತಿದ್ದರು. ಕನ್ನಡಕ ತೆಗೆದು, "ಅವರು ನಿಂತದ್ದೇ ಕೆಲಸ ಕಣಯ್ಯ" ಎಂದರು.

ಓದುಗ ಬಂಧುಗಳೇ, ಶಿರಾಡಿ ಘಾಟಿ ಇಳಿದು ಬಂದ ಲಾರಿಯ ಡ್ರೈವರನ್ನು ಕೇಳಿ ನೋಡಿ. ಬ್ರೇಕು ಸುಟ್ಟ ವಾಸನೆ ಬಂದರೆ ಲಾರಿಯನ್ನು ಬದಿಗೆ ಹಾಕಿ ಬೀಡಿ ಹಚ್ಚಿಕೊಂಡು ಕೂರುತ್ತಾನೆ. ಕಾದ ಡ್ರಮ್ಮಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆಂದು ಅವನಿಗೆ ಯಾವ ಕಾಲೇಜೂ ಕಲಿಸಿಲ್ಲ. ಉರಿಯುವ ಲಾಟೀನಿನ ಗಾಜಿಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ವಿಮಾನದ ಚಕ್ರದ್ದೂ ಅದೇ ಕಥೆ, ಅಪಾಯ ಮಾತ್ರ ಹತ್ತು ಪಟ್ಟು. ಕಾರಿನ ಟೈರಿನಲ್ಲಿ ಮೂವತ್ತು ಚಿಲ್ಲರೆ ಪೌಂಡ್ ಒತ್ತಡವಿದ್ದರೆ ದೊಡ್ಡ ವಿಮಾನದ ಟೈರಿನಲ್ಲಿ 200 ಪೌಂಡಿನ ಆಸುಪಾಸು ಇರುತ್ತದೆ. ಕಾದ ಚಕ್ರದ ಮೇಲೆ ನೀರಿನ ಧಾರೆ ಬಿಟ್ಟರೆ ಒಂದು ಕಡೆ ಮಾತ್ರ ತಣಿದು ಲೋಹ ಸೀಳುತ್ತದೆ. ಆ ಚೂರುಗಳು ಪಕ್ಕಕ್ಕೆ ಗುಂಡಿನಂತೆ ಹಾರುತ್ತವೆ. ಅದಕ್ಕೇ ಅಗ್ನಿಶಾಮಕ ದಳದವರು ಚಕ್ರದ ಮುಂದಿನಿಂದ ಅಥವಾ ಹಿಂದಿನಿಂದ ಹೋಗುತ್ತಾರೆ. ಪಕ್ಕದಿಂದ ಹೋಗುವುದಿಲ್ಲ.

ಇನ್ನೊಂದು ವಿಷಯ. ವಿಮಾನ ನಿಂತ ಕೂಡಲೇ ಬ್ರೇಕು ತಣ್ಣಗಾಗುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಇಲ್ಲ ಸ್ವಾಮಿ! ಒಳಗಿನ ಬಿಸಿ ನಿಧಾನವಾಗಿ ಚಕ್ರಕ್ಕೂ ಟೈರಿಗೂ ಹರಿಯುತ್ತದೆ, ನಿಂತು ಹತ್ತು ಹದಿನೈದು ನಿಮಿಷವಾದ ಮೇಲೂ ಏರುತ್ತಿರುತ್ತದೆ. ಚಕ್ರದಲ್ಲಿ ಸಣ್ಣ ಬಿರಡೆಗಳಿವೆ. ಬಿಸಿ ಮಿತಿ ಮೀರಿದರೆ ಅವು ಕರಗಿ, ಟೈರು ಸಿಡಿಯುವ ಬದಲು ಬುಸ್ಸೆಂದು ಗಾಳಿ ಬಿಡುತ್ತದೆ. ಆ ಬಿರಡೆಗೆ ಅದರ ಕೆಲಸ ಮಾಡಲು ಸಮಯ ಕೊಡಬೇಡವೇ? ಹೊಸ ಮಾದರಿಯ ವಿಮಾನಕ್ಕೆ ಪರವಾನಗಿ ಕೊಡುವ ಮೊದಲೂ ಸವೆದ ಬ್ರೇಕು ಹಾಕಿ, ಭಾರ ತುಂಬಿ, ಪೂರ್ತಿ ವೇಗದಿಂದ ನಿಲ್ಲಿಸಿ ನೋಡುತ್ತಾರೆ. ಬ್ರೇಕು ಕೆಂಪಗೆ ಕಾದಿದ್ದರೂ ಐದು ನಿಮಿಷ ಯಾರೂ ನೀರು ಹಾಕುವಂತಿಲ್ಲ.

ಹೊಗೆ ಬೇರೆ, ಬೆಂಕಿ ಬೇರೆ. ಹೈಡ್ರಾಲಿಕ್ ಎಣ್ಣೆ ಸೋರಿ ಜ್ವಾಲೆ ಕಂಡರೆ ಅವರು ಒಂದು ಕ್ಷಣವೂ ಕಾಯುವುದಿಲ್ಲ, ಮೇಲೆ ರೆಕ್ಕೆಯಲ್ಲಿ ಇಂಧನ ತುಂಬಿದೆಯಲ್ಲ! ಆಗ ಪ್ರಯಾಣಿಕರು ಬೆಂಕಿಯಿಲ್ಲದ ಕಡೆಯಿಂದ ಇಳಿಯಬೇಕು. ಯಾವ ಕಡೆ ಎಂದು ಕೂಗಿ ಹೇಳುವುದು ಕನ್ನಡ ಮಾತ್ರ ಬಲ್ಲ ತಾಯಿಗೆ ತಿಳಿಯಬೇಕೋ ಬೇಡವೋ?

ಆದರೆ ನಾನು ಲೇಖನಿ ಹಿಡಿದದ್ದು ಬೇರೊಂದು ಸಂಗತಿಗೆ. ಚಕ್ರದ ಬೆಂಕಿಯನ್ನು ಆರಿಸಲು ಯಾರಿಗೂ ಆಗದ ಜಾಗ ಒಂದಿದೆ. ಅದು ಆಕಾಶ.

1991ರ ಜುಲೈ 11. ಹಜ್ ಯಾತ್ರೆ ಮುಗಿಸಿದ ನೈಜೀರಿಯಾದ ಯಾತ್ರಿಗಳನ್ನು ಹೊತ್ತು ಕೆನಡಾ ಕಂಪನಿಯೊಂದರ ಡಿಸಿ-8 ವಿಮಾನ ಜೆಡ್ಡಾದಿಂದ ಹೊರಟಿತು. ಎರಡು ಟೈರುಗಳಲ್ಲಿ ಗಾಳಿ ಕಡಿಮೆಯಿದೆ ಎಂದು ಮೆಕ್ಯಾನಿಕ್‌ಗಳಿಗೆ ಮೊದಲೇ ಗೊತ್ತಿತ್ತು. ತುಂಬಲು ನೈಟ್ರೋಜನ್ ಹತ್ತಿರದಲ್ಲಿ ಇರಲಿಲ್ಲ. ತಡವಾಗುತ್ತದೆ, ಹಾಗೇ ಹೋಗಲಿ ಎಂದ ಮೇಲಿನವನ ಮಾತೇ ನಡೆಯಿತು. ಗಾಳಿ ಕಡಿಮೆಯಿದ್ದ ಟೈರಿನ ಭಾರ ಪಕ್ಕದ್ದರ ಮೇಲೆ ಬಿತ್ತು, ಓಟದಲ್ಲಿ ಎರಡೂ ಕಾದು ಹರಿದವು, ಬೆಂಕಿ ಹತ್ತಿತು. ಪೈಲಟ್‌ಗೆ ಅದು ತಿಳಿಯದು, ಚಕ್ರದ ಗೂಡಿನಲ್ಲಿ ಬೆಂಕಿ ತಿಳಿಸುವ ಸಾಧನವೇ ಇರಲಿಲ್ಲ. ಉರಿಯುವ ಚಕ್ರವನ್ನು ಹೊಟ್ಟೆಯೊಳಗೆ ಮಡಚಿಕೊಂಡು ವಿಮಾನ ಮೇಲೇರಿತು. ಹಿಂತಿರುಗಿ ಬಂದರೂ ರನ್‌ವೇ ಮುಟ್ಟಲಿಲ್ಲ. 261 ಜನ, ಒಬ್ಬರೂ ಉಳಿಯಲಿಲ್ಲ. ಜೆಡ್ಡಾದಲ್ಲಿ ಅಗ್ನಿಶಾಮಕ ದಳ ಇರಲಿಲ್ಲವೇ? ಇತ್ತು. ಏನು ಮಾಡಬೇಕಿತ್ತು ಅವರು?

ತನಿಖೆಯಲ್ಲಿ ಹೊರಬಂದ ಇನ್ನೊಂದು ಮಾತು ನನ್ನಂಥ ಅಚ್ಚಿನವನಿಗೆ ಜೀರ್ಣವಾಗುವುದಿಲ್ಲ. ಟೈರಿನ ಒತ್ತಡದ ಅಂಕಿಗಳನ್ನು ದಾಖಲೆಯಲ್ಲಿ ತಿದ್ದಲಾಗಿತ್ತು. ಪೆನ್ನಿನಲ್ಲಿ ಗಾಳಿ ತುಂಬಿದ್ದರು!

ಅದಕ್ಕೂ ಹಿಂದೆ, 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ನೈಟ್ರೋಜನ್ ಬದಲು ಬರೀ ಗಾಳಿ ತುಂಬಿದ ಟೈರು, ಕಾದ ಬ್ರೇಕಿನ ಬಿಸಿಗೆ ಆಕಾಶದಲ್ಲೇ ಸ್ಫೋಟಿಸಿ 167 ಜನ ಸತ್ತರು. ಅದರ ಮರುವರ್ಷ ಅಮೆರಿಕ ನೈಟ್ರೋಜನ್ ಕಡ್ಡಾಯ ಮಾಡಿತು. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಂಜು ಚದುರಿಸಲು ಎಂಜಿನ್ ಜೋರು ಮಾಡಿ, ಬ್ರೇಕು ಒತ್ತಿಕೊಂಡೇ ರನ್‌ವೇಯಲ್ಲಿ ಓಡಾಡಿದ ವಿಮಾನ ಮೇಲೇರಿದ ಮೇಲೆ ಉರಿದು ಬಿತ್ತು. 80 ಜನ ಸತ್ತರು. ಅವರಲ್ಲಿ 43 ಮಂದಿ ಹುಮ್ಲಿಕೋನ್ ಎಂಬ ಒಂದೇ ಪುಟ್ಟ ಹಳ್ಳಿಯವರು.

ಗೇಜು ಹಿಡಿದವನ ಮಾತಿಗಿಂತ ಗಡಿಯಾರ ಹಿಡಿದವನ ಮಾತು ಮೇಲಾಗಬಾರದು. ನಾನು ಕೇಳುವುದು ಇಷ್ಟೇ. ಟೈರಿಗೆ ಗಾಳಿ ಸಾಲದು ಎಂದ ಕೆಲಸಗಾರನ ಮಾತನ್ನು ಮೀರುವ ಅಧಿಕಾರ ಯಾವ ಮ್ಯಾನೇಜರಿಗೂ ಇರಕೂಡದು. ಮೀರಿದವನು ತನ್ನ ಹೆಸರು ಬರೆದು ಸಹಿ ಹಾಕಲಿ.

ನಾನೇನು ಸತ್ಯಹರಿಶ್ಚಂದ್ರನಲ್ಲ. ಬೇರಿಂಗ್ ಬಿಸಿಯಾಗಿದೆ ಎಂದು ನಮ್ಮ ಮಿಷನ್‌ಮನ್ ಹೇಳಿದಾಗ "ಇನ್ನು ಐನೂರು ಪ್ರತಿ ಅಷ್ಟೇ, ಓಡಿಸಪ್ಪಾ" ಎಂದು ಎಷ್ಟೋ ರಾತ್ರಿ ಹೇಳಿದವನು ನಾನೇ. ಈ ಸಲ ಅವನು ನಿಲ್ಲಿಸಿದ, ನಾನು ಸುಮ್ಮನಿದ್ದೆ. ಲಗ್ನಪತ್ರಿಕೆ ಒಂದು ದಿನ ತಡವಾಯಿತು. ಆ ಗಿರಾಕಿ ಬಂದು ನನ್ನನ್ನೂ ಚೆನ್ನಾಗಿ ಬೈದು ಹೋದರು.