ಬೆಟರ್ ಅಂದ್ರ ಯಾವಾಗ್ಲೂ ಚಲೋ ಅಲ್ಲ

ಗುಡ್, ಬೆಟರ್, ಬೆಸ್ಟ್ ಅಂತ ಸಾಲ್ಯಾಗ ಎಲ್ಲಾರೂ ಬಾಯಿಪಾಠ ಮಾಡೀವಿ. ಬೆಟರ್ ಅಂದ್ರ 'ಇನ್ನೂ ಚಲೋ' ಅಂತ ಮಾಸ್ತರು ಹೇಳಿದ್ರು, ನಾವು ಬರಕೊಂಡ್ವಿ. ಆದ್ರ ಇದ ಬೆಟರ್ ಕ್ರಿಯಾಪದಕಿಂತ ಮೊದಲ ಬಂದು ಕೂತಾಗ ಅದರ ಸ್ವಭಾವನ ಬ್ಯಾರೆ ಆಗ್ತದ ಅನ್ನೂದನ್ನ ಯಾರೂ ಬಿಡಿಸಿ ಹೇಳ್ಲಿಲ್ಲ. ಇವತ್ತಿನ ಮಕ್ಕಳಿಗೂ ಹೇಳೂದು ಕಾಣ್ಸೂದಿಲ್ಲ. ಹೇಳಬೇಕು ಅನ್ನೂದು ನನ್ನ ವಾದ. ಯಾಕಂದ್ರ ಇದರಾಗ ವ್ಯಾಕರಣ ಸರಿ ಇರ್ತದ, ಮನಸು ಕೆಡ್ತದ.

ನಮ್ಮ ಬಳಗದಾಗಿನ ಒಂದು ಹುಡುಗಿ ಹೊಸದಾಗಿ ಕೆಲಸಕ್ಕ ಸೇರಿದ್ಲು. ಮ್ಯಾಲಿನ ಅಧಿಕಾರಿಗೆ ಏನೋ ಲೆಕ್ಕ ಕಳಸಿ, ಕೆಳಗ 'ಯೂ ಹ್ಯಾಡ್ ಬೆಟರ್ ಚೆಕ್ ಇಟ್ ಒನ್ಸ್' ಅಂತ ಬರದ್ಲು. ಆಕಿ ಮನಸಿನ್ಯಾಗ ಇದ್ದದ್ದು, 'ನೀವೊಮ್ಮೆ ನೋಡಿದ್ರ ಚಲೋ ಆಗ್ತದ್ರೀ' ಅಂತ. ಅವರಿಗೆ ಕೇಳಿಸಿದ್ದು, 'ನೋಡು, ಇಲ್ಲಂದ್ರ ನಿನಗ ಅದ' ಅಂತ. ಎರಡು ದಿನ ಅವರು ಮಾರಿ ಕೊಟ್ಟು ಮಾತಾಡ್ಲಿಲ್ಲಂತ. 'ಮೌಶಿ, ಇದರಾಗ ತಪ್ಪರ ಏನದ?' ಅಂತ ಆ ಹುಡುಗಿ ಕೇಳಿದ್ಲು. ತಪ್ಪು ಹುಡುಕಿದ್ರ ಸಿಗೂದಿಲ್ಲ. ಅಲ್ಲೇ ಇರೂದು ತ್ರಾಸು.

ಈ 'ಹ್ಯಾಡ್ ಬೆಟರ್' ವೇಷ ಹಾಕಿದ ಮಾತು. 'ಹ್ಯಾಡ್' ಅಂತ ಇದ್ರೂ ಹಿಂದಿನ ಕಾಲದ್ದಲ್ಲ, ಈಗಿಂದು, ಇಲ್ಲಾ ಮುಂದಿಂದು. 'ಬೆಟರ್' ಅಂತ ಇದ್ರೂ ಎರಡನ್ನ ಎದುರಾಬದುರು ಇಟ್ಟು ತೂಗೂದಿಲ್ಲ. ಮುಂದ 'ಟು' ಬರೂದಿಲ್ಲ, ಬರೇ ಕ್ರಿಯಾಪದ: ಹ್ಯಾಡ್ ಬೆಟರ್ ಗೋ, ಬ್ಯಾಡ ಅನ್ನೂದಿದ್ರ ಹ್ಯಾಡ್ ಬೆಟರ್ ನಾಟ್ ಗೋ. ಮಾತಾಡುವಾಗ 'ಹ್ಯಾಡ್' ನುಂಗಿ 'ಯೂ ಬೆಟರ್ ಗೋ' ಅಂದುಬಿಡ್ತಾರ. ಇಷ್ಟು ವ್ಯಾಕರಣದ ಪುಸ್ತಕದಾಗ ಸಿಗ್ತದ. ಆದ್ರ ಇದರ ಬಾಲದಾಗ ಒಂದು 'ಇಲ್ಲಂದ್ರ' ಮುದುಡಿಕೊಂಡು ಕೂತಿರ್ತದ ನೋಡ್ರಿ, ಅದನ್ನ ಸಾಲ್ಯಾಗ ತೋರಿಸೂದಿಲ್ಲ. ಛತ್ರಿ ತಗೊಂಡು ಹೋಗು, ಇಲ್ಲಂದ್ರ ತೋಯಿಸ್ಕೋತಿ. ಗುಳಗಿ ತಗೋ, ಇಲ್ಲಂದ್ರ ಜ್ವರ ಏರ್ತದ. ದಿನಾ ಹಲ್ಲು ತಿಕ್ಕಬೇಕು ಅನ್ನೂವಂಥ ಕಾಯಮ್ ಮಾತಿಗೆ 'ಶುಡ್' ಸಾಕು. ಈ ಹೊತ್ತಿಗೆ, ಈ ಕೆಲಸಕ್ಕ, ಜರಾ ಬಿರುಸಾಗಿ ಹೇಳೂದಿದ್ರ 'ಹ್ಯಾಡ್ ಬೆಟರ್'. ತಾಯಿ ಮಗನಿಗೆ ಹೇಳಬಹುದು, ಗೆಳತಿ ಗೆಳತಿಗೆ ಹೇಳಬಹುದು. ಕೆಳಗಿನವರು ಮ್ಯಾಲಿನವರಿಗೆ ಅಂದ್ರ ಮಾತ್ರ ಬೆದರಿಕಿ.

ಇದ ಮಾತನ್ನ ನಮಗ ನಾವ ಹೇಳ್ಕೊಂಡ್ರ ಹಲ್ಲು ಕಿತ್ತ ಹಾವಿನಂಗ ಮೆತ್ತಗ. ಯಾರದರ ಮನಿಗೆ ಹೋಗಿ, ಚಹಾ ಕುಡದು, 'ಐ ಹ್ಯಾಡ್ ಬೆಟರ್ ಗೋ' ಅಂದ್ರ ಅದು ನಮ್ಮ 'ನಾ ಇನ್ನ ಬರ್ತೀನ್ರೀ' ಇದ್ದಂಗ. ಯಾರಿಗೂ ಸಿಟ್ಟಿಲ್ಲ. 'ಐ' ಇದ್ದಲ್ಲಿ 'ಯೂ' ಬಂತಂದ್ರ ಬಣ್ಣ ಬದಲು.

ನಮ್ಮವರು ಇಲ್ಲೇ ಯಾಕ ಎಡವತಾರ? ನಮ್ಮ ಮಾತಿನ ಕಟ್ಟೋಣನ ಬ್ಯಾರೆ. ಕನ್ನಡದಾಗ ಚಲೋ ಅನ್ನೂ ಶಬ್ದ 'ಬೆಟರ್'ನಂಗ ರೂಪ ಬದಲಿಸೂದಿಲ್ಲ. ತೂಗೂ ಕೆಲಸ 'ಕಿಂತ' ಮಾಡ್ತದ: ಬಸ್ಸಿಗಿಂತ ರೈಲು ಪಾಡು. ಕ್ರಿಯಾಪದ ಇದ್ರೂ ಅಷ್ಟ. ಮೊದಲ ಕೆಲಸ ಹೇಳ್ತೀವಿ, ಆಮ್ಯಾಲೆ ಅದರ ಬೆಲಿ ಕಟ್ತೀವಿ: 'ಹೋಗೂದು ಪಾಡು', 'ನೋಡಿದ್ರ ಚಲೋ'. ಕಟ್ಟಕಡೀಕ ಒಂದು 'ರೀ' ಹಚ್ಚಿ ಎಲ್ಲಾ ನುಣ್ಣಗ ಮಾಡ್ತೀವಿ. ಇಂಗ್ಲಿಷಿಗೆ ದಾಟುವಾಗ 'ಚಲೋ' ಅನ್ನೂದು 'ಬೆಟರ್' ಆಗಿ ಮುಂದ ಓಡಿ ಕೂಡ್ತದ. 'ರೀ' ಮಾತ್ರ ಈ ದಂಡಿಗೇ ಉಳೀತದ. ಮರ್ಯಾದಿ ಬಿಟ್ಟು ಮಾತಷ್ಟ ದಾಟಿದಂಗ.

ಇದರ ತಂಗಿ 'ವುಡ್ ರ್ಯಾದರ್'. ಇದೂ ಹೋಲಿಕಿ ಶಬ್ದನ. 'ರೇದ್' ಅಂತ ಹಳೇ ಇಂಗ್ಲಿಷಿನ್ಯಾಗ ಒಂದು ಶಬ್ದ ಇತ್ತು, ಲಗೂ ಅಂತ ಅರ್ಥ. 'ರ್ಯಾದರ್' ಅಂದ್ರ ಇನ್ನೂ ಲಗೂ. 'ವುಡ್ ಸೂನರ್' ಅನ್ನೂದೂ ಅದ ಕೆಲಸ ಮಾಡ್ತದ. ಮನಸು ಯಾವ ಕಡೆ ಲಗೂ ಓಡ್ತದೋ ಅದ ನಮಗ ಬೇಕಾದದ್ದು, ಎಷ್ಟು ಖರೇ! 'ಐ ವುಡ್ ರ್ಯಾದರ್ ವಾಕ್ ದ್ಯಾನ್ ವೇಟ್' ಅಂದ್ರ, ಕಾಯೂದಕಿಂತ ನಡಕೊಂಡು ಹೋಗೂದ ಪಾಡು.

ಇದರಾಗ ಹೆಣ್ಣುಮಕ್ಕಳಿಗೆ ಉಪಯೋಗದ ಒಂದು ಮಾತದ: 'ಐ ವುಡ್ ರ್ಯಾದರ್ ನಾಟ್'. ಬ್ಯಾಡ ಅಂತ ಹೇಳೂದು, ಆದ್ರ ಬಾಗಲಾ ಧಡ್ ಅಂತ ಹಾಕೂದಲ್ಲ. 'ಐ ಡೋಂಟ್ ವಾಂಟ್' ಅಂದ್ರ ಒರಟು. ಸುಮ್ಮನ ಹೂಂ ಅಂದ್ರ ಮಾಡೂದು ನಾವ. ನಮ್ಮ ಕಾಲದಾಗ ಹೆಂಗಸರು 'ಇರ್ಲಿ ಬಿಡ್ರೀ' ಅಂತನ ಎಷ್ಟೋ ಪೀಡಾ ದಾಟಿಸೇವಿ. ಅದಕ್ಕ ಇಂಗ್ಲಿಷಿನ್ಯಾಗ ಇಷ್ಟು ಹತ್ತಿರದ ಮಾತು ಇರುವಾಗ, ಅದನ್ನ ಕಲಿಸದ 'ಯೂ ಬೆಟರ್' ಅಷ್ಟ ಕಲಿಸಿದ್ರ ಹ್ಯಾಂಗ?

'ಅರ್ಥ ಆದ್ರ ಸಾಕು, ನಾವೇನು ಇಂಗ್ಲಿಷರೇನು?' ಅನ್ನೂವರು ಇದ್ದಾರ. ನಮ್ಮ ನಮ್ಮೊಳಗ ಆದ್ರ ನಾನೂ ಒಪ್ಪತೀನಿ. ಹೇಳಿದವರದು ಕೇಳಿದವರದು ಕನ್ನಡ ತಲಿನ ಆದ್ರ, ಎದುರಿಗೆ ನಿಂತು ನಕ್ಕೋತ ಅಂದ್ರ, ಏನೂ ಆಗೂದಿಲ್ಲ. ಆದ್ರ ಈಗಿನ ಹುಡುಗರು ಬರಿಯೂದು ಮಾರಿ ಕಾಣದವರಿಗೆ. ಇ-ಮೇಲಿಗೆ ನಗಿ ಇಲ್ಲ, ದನಿ ಇಲ್ಲ. ಶಬ್ದದ ತೂಕ ಅಷ್ಟ ಅಲ್ಲಿಗೆ ಹೋಗಿ ಮುಟ್ತದ.

ಮನಿಯೊಳಗೂ ನೋಡ್ರಿ. ಮೂರು ವರ್ಷದ ಕೂಸಿಗೆ 'ಯೂ ಬೆಟರ್ ಈಟ್' ಅಂತ ತುತ್ತು ತಿನಿಸೂ ತಾಯಂದಿರು ಈಗ ಮನಿಗೊಬ್ಬರು. ಆ ಕೂಸು ನಾಳೆ ಅಜ್ಜಗ 'ಯೂ ಬೆಟರ್ ಕಮ್' ಅಂತದ. ಉಡಾಳ ಅಂತ ಅದಕ್ಕ ಬೈತೀವಿ. ಕಲಿಸಿದವರು ಯಾರು?

ಹಂಗಾರ ಏನು ಅನಬೇಕು? 'ಕುಡ್ ಯೂ ಪ್ಲೀಜ್ ಚೆಕ್' ಅಂದ್ರ ಮುಗೀತು. ಬೆಟರ್ ಬೇಕ ಬೇಕು ಅಂದ್ರ 'ಇಟ್ ವುಡ್ ಬಿ ಬೆಟರ್ ಇಫ್ ಯೂ ಕುಡ್' ಅನ್ರಿ. ಅಲ್ಲಿ ಬೆಟರ್ ಎದುರಿನವರ ಮೈಮ್ಯಾಲೆ ಏರಿ ಹೋಗೂದಿಲ್ಲ, ದೂರ ನಿಂತು ಮಾತಾಡ್ತದ.

ಇಂಗ್ಲಿಷ್ ಕಲಿಸೂ ಗುರುಗಳಿಗೆ ನನ್ನ ವಿನಂತಿ ಇಷ್ಟ. ಬಿಟ್ಟ ಸ್ಥಳ ತುಂಬಿಸೂದರ ಜೋಡಿ, ಒಂದ ಮಾತನ್ನ ತಮ್ಮಗ, ಗೆಳತಿಗೆ, ಹೆಡ್ ಮಾಸ್ತರಿಗೆ ಹ್ಯಾಂಗ ಹೇಳ್ತೀ ಅಂತ ಮೂರು ಥರ ಬರಸ್ರಿ. ಕನ್ನಡದಾಗ ಬಾ, ಬಾರವಾ, ಬರ್ರೀ ಅನ್ನೂದರ ಫರಕು ಗೊತ್ತಿದ್ದ ಮಕ್ಕಳಿಗೆ ಇದು ಭಾಳ ಕಠಿಣ ಆಗೂದಿಲ್ಲ. ಇಂಗ್ಲಿಷಿನ್ಯಾಗೂ 'ರೀ' ಅದ, ಅದು ಬ್ಯಾರೆ ಕಡೆ ಇರ್ತದ ಅಂತ ಒಮ್ಮೆ ತೋರಿಸಿದ್ರ ಸಾಕು.