ಗಣಕವಿದರಿಗೆ ವೀರಗಲ್ಲು

ಮಧುಗಿರಿ, ಶಿರಾ, ಪಾವಗಡಗಳ ಸೀಮೆಯಲ್ಲಿ ಕೆರೆಯ ಏರಿಯ ಮೇಲೋ ಹೊಲದ ಬದುವಿನಲ್ಲೋ ನಿಂತ ವೀರಗಲ್ಲನ್ನು ಕಾಣದವರು ವಿರಳ. ಗಣಕವಿದರ ಸಂಘಗಳು ಗತಿಸಿದ ಸದಸ್ಯರಿಗಾಗಿ ಅಂತರ್ಜಾಲದಲ್ಲಿ ಸ್ಮಾರಕಗಳನ್ನು ನಿರ್ಮಿಸುತ್ತಿರುವ ಈ ಕಾಲದಲ್ಲಿ ಅಂತಹ ಕಲ್ಲುಗಳನ್ನು ಒಮ್ಮೆ ಓದಿ ನೋಡುವುದು ಲೇಸು.

ಸ್ಮಾರಕವೇ ಬೇಡವೆನ್ನುವವರುಂಟು. ಬರೆದಿಟ್ಟ ತಂತ್ರಾಂಶವೇ ಸಾಕಷ್ಟು ಸ್ಮಾರಕವೆಂಬುದು ಅವರ ವಾದ. ಈ ವಾದವು ನಿಲ್ಲತಕ್ಕದ್ದಲ್ಲ. ತಂತ್ರಾಂಶವು ಹಲವರ ಕೈಯಲ್ಲಿ ತಿದ್ದಿಸಿಕೊಳ್ಳುತ್ತ ಸಾಗುವುದು. ಮೊದಲು ಬರೆದವನ ಸಾಲು ಕಾಲಕ್ರಮದಲ್ಲಿ ಅಳಿದೇ ಹೋದೀತು. ಹೊಸಬರಿಗೆ ಪಾಠ ಹೇಳಿದವನೂ ಸಭೆ ಕೂಡಿಸಿದವನೂ ಅದರಲ್ಲಿ ಎಲ್ಲಿಯೂ ಕಾಣರು. 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಫಾಸ್.ಇನ್ ಎನಿಸಿದ ಸ್ವತಂತ್ರ ತಂತ್ರಾಂಶ ಸಮ್ಮೇಳನವನ್ನು ಕಟ್ಟಿದವರಲ್ಲಿ ಮುಖ್ಯರಾದ ಅತುಲ್ ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಅಲ್ಲಿ ಕೂಡಿದ ತರುಣರಿಗೆ ದೊರೆತ ಧೈರ್ಯವನ್ನು ಯಾವ ತಂತ್ರಾಂಶ ಹೇಳೀತು?

ಆದರೆ ಸ್ಮಾರಕವೆಂದರೆ ಒಂದು ಭಾವಚಿತ್ರ, ಒಂದು ದೀಪ, ಆತ್ಮಶಾಂತಿಯ ಹಾರೈಕೆಗಳ ಸಾಲು, ಇಷ್ಟೇ ಎಂದು ತಿಳಿದವರ ತಪ್ಪೂ ಕಡಮೆಯದಲ್ಲ. ಕ್ರಿ.ಶ. 950ರ ಸುಮಾರಿನ ಆತಕೂರಿನ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯದು. ನಾಯಿಯ ಹೆಸರೇನು, ಒಡೆಯನಾರು, ಅದು ಹೇಗೆ ಸತ್ತಿತು ಎಂಬುದೆಲ್ಲ ಅದರಲ್ಲಿದೆ. ಕಲ್ಲಿನ ಪೂಜೆಗೆ ಭೂಮಿಯನ್ನು ಬಿಟ್ಟಿದ್ದಾರೆ. ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನೂ ವಿಧಿಸಿದ್ದಾರೆ. ಒಂದು ನಾಯಿಗೆ ಸಂದ ಈ ವಿವರವೂ ಈ ವ್ಯವಸ್ಥೆಯೂ ಮನುಷ್ಯನಿಗೆ ಬೇಡವೇ?

ಅಂತರ್ಜಾಲದ ಪುಟವು ಕಲ್ಲಿಗಿಂತ ಬಲುಬೇಗ ಅಳಿಯುವಂಥದು. ವರ್ಷವರ್ಷವೂ ಅದಕ್ಕೆ ಶುಲ್ಕ ತೆರಬೇಕು. ತೆರುತ್ತಿದ್ದವನು ತೀರಿಕೊಂಡರೆ ಸ್ಮಾರಕಕ್ಕೂ ಅದೇ ಗತಿ. 2009ರಲ್ಲಿ ಯಾಹೂ ಸಂಸ್ಥೆ ಜಿಯೋಸಿಟೀಸನ್ನು ಮುಚ್ಚಿದಾಗ, ಇತರರು ಕಾಪಿಟ್ಟುಕೊಂಡ ಪ್ರತಿಗಳ ಹೊರತು ಅಲ್ಲಿದ್ದ ಪುಟಗಳೆಲ್ಲವೂ ಇಲ್ಲವಾದವು. ಆದುದರಿಂದ ಸ್ಮಾರಕದ ಹೊಣೆಯು ಒಬ್ಬನದಾಗಕೂಡದು, ಸಂಘದ್ದಾಗಬೇಕು. ಪ್ರತಿಗಳು ಹಲವೆಡೆ ಇರಬೇಕು. ಒಂದು ಅಚ್ಚಾಗಿ ಗ್ರಂಥಭಂಡಾರವನ್ನೂ ಸೇರಬೇಕು. ಪೈಥಾನ್ ಭಾಷೆಯ ಭಾರತೀಯ ಸಂಘವು 2012ರಲ್ಲಿ ಗತಿಸಿದ ಕೆನೆತ್ ಗೊನ್ಸಾಲ್ವಿಸರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದುದು ಈ ದಾರಿಯಲ್ಲಿ ಒಳ್ಳೆಯ ಹೆಜ್ಜೆ.

ಮಗನು ಬೆಂಗಳೂರಿನಲ್ಲಿ ಗಣಕದ ಕೆಲಸದಲ್ಲಿದ್ದನೆಂಬುದಷ್ಟನ್ನೇ ಬಲ್ಲ ತಾಯ್ತಂದೆಗಳು ಮಧುಗಿರಿಯಂತಹ ಊರುಗಳಲ್ಲಿ ಎಷ್ಟೋ ಮಂದಿ. ರಾತ್ರಿಯ ನಿದ್ದೆಗೆಟ್ಟು ಅವನು ಯಾರಿಗಾಗಿ, ಏನನ್ನು, ಹಣವಿಲ್ಲದೆ ಮಾಡಿದನೆಂಬುದನ್ನು ಅವರ ಭಾಷೆಯಲ್ಲಿ, ಅವರ ಒಪ್ಪಿಗೆ ಪಡೆದು, ಬರೆದಿಡತಕ್ಕದ್ದು. ಅದನ್ನು ಬರೆಯದ ಸ್ಮಾರಕವು ಬರಿಯ ಕಲ್ಲು, ವೀರಗಲ್ಲಲ್ಲ.